ಲೋಧಿ ಕಾಲೋನಿಯಲ್ಲಿ ಒಂದು ಊಟ

ನಾನು ದೆಹಲಿಗೆ ಬಂದಿಳಿದದ್ದು ಎರಡು ಸಾವಿರದ ಮೂರನೇ ಇಸವಿಯ ಜುಲೈ ತಿಂಗಳಲ್ಲಿ. ಇಷ್ಟು ಮಾತ್ರ ಖಚಿತ. ಮಳೆ ಬರುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಬರುತ್ತಿತ್ತು ಅನ್ನುತ್ತೇನೆ, ಆದರೆ ನೆನಪಿನಲ್ಲಿ ಉಳಿದಿರುವುದು ಬರೀ ಸೆಕೆ. ಆ ವಾರದ ಬಗ್ಗೆ ಆಮೇಲೆ ನನ್ನೊಳಗೇ ಅದೆಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಈಗ ನೆನಪಾಗುವುದು ನಡೆದದ್ದೋ ನಾನು ಹೇಳಿಕೊಂಡದ್ದೋ ತಿಳಿಯುವುದಿಲ್ಲ. ಆಗ ದಿನಚರಿ ಬರೆಯುವ ಅಭ್ಯಾಸವಿತ್ತು. ಆ ಪುಟಗಳು ಖಾಲಿ ಇವೆ.

ತುಮಕೂರಿನಿಂದ ಎಂ.ಎ. ಓದಲೆಂದು ಒಬ್ಬಳೇ ಬಂದಿದ್ದೆ. ಅದಕ್ಕೆ ಮೊದಲು ಕರ್ನಾಟಕದ ಗಡಿ ದಾಟಿದವಳಲ್ಲ. ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಜೂನ್‌ನಲ್ಲಿ ಅವರಿಗೆ ಎದೆನೋವು ಬಂದು, ಆಸ್ಪತ್ರೆಗೆ ಸೇರಿ, ವಾಪಸ್ಸು ಬಂದಿದ್ದರು. ಹೋಗುವುದಿಲ್ಲ ಎಂದು ನಾನು ಹಟ ಹಿಡಿದಾಗ, ಮನೆಯಲ್ಲಿ ಕೂತು ನನ್ನ ಎದೆ ಕಾಯುತ್ತೀಯಾ ಎಂದು ಗದರಿ ಕಳಿಸಿದರು.

ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಗುವವರೆಗೆ ಮುನಿರ್ಕಾದಲ್ಲಿ ಒಂದು ರೂಮು ಹಿಡಿದಿದ್ದೆ. ಮೂರನೇ ಮಹಡಿ. ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯ ಗೋಡೆ. ಕೆಳಗಿದ್ದ ಮನೆಯೊಡತಿ ಎಮ್ಮೆ ಸಾಕಿದ್ದಳು. ನಾನು ಹಿಂದಿ ಪರೀಕ್ಷೆಗಳನ್ನು ಒಳ್ಳೆಯ ಅಂಕ ತೆಗೆದು ಪಾಸು ಮಾಡಿದ್ದವಳಾದರೂ ಅವಳ ಮಾತು ಪೂರ್ತಿ ಅರ್ಥವಾಗುತ್ತಿರಲಿಲ್ಲ. ನನ್ನ ಹೆಸರನ್ನು ಅವಳು ಒಮ್ಮೆಯೂ ಕೇಳಲಿಲ್ಲ. ದಕ್ಷಿಣದವಳಾದ್ದರಿಂದ ನಾನು ಮದ್ರಾಸನ್. ಮೆಟ್ಟಿಲು ಹತ್ತುವಾಗಲೆಲ್ಲ, ಈ ಮದ್ರಾಸನ್ ಗಾಳಿ ಕುಡಿದು ಬದುಕುತ್ತಾಳೆ ಎಂದು ಪಕ್ಕದ ಮನೆಯವಳಿಗೆ ಹೇಳಿ ನಗುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ರಾಜ್ಮಾ ಒಂದೇ ಸಲ ತಿಂದು, ಹೊಟ್ಟೆ ಕೆಟ್ಟು, ಆಮೇಲೆ ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ದೂಡುತ್ತಿದ್ದೆ.

ಸಂಜೆ ಗಲ್ಲಿಯ ತುದಿಯ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ನಾನು ಮಾಡುವ ಹೊತ್ತಿಗೆ ಅಪ್ಪ ಪಕ್ಕದ ಮನೆಗೆ ಬಂದು ಕೂತಿರುತ್ತಿದ್ದರು. ಊಟ, ಪಾಠ ಯಾವುದೂ ಅವರಿಗೆ ಬೇಕಿರಲಿಲ್ಲ. ದೆಹಲಿಯ ಬಸ್ಸುಗಳ ಬಗ್ಗೆ ಹೇಳಬೇಕಿತ್ತು.

"ಕಂಡಕ್ಟರ್ ಕೂತ್ಕೊಂಡೇ ಇರ್ತಾನಾ?"

"ಹೂಂ ಅಪ್ಪಾ. ಹಿಂದಿನ ಬಾಗಿಲ ಹತ್ರ ಅವನದೇ ಒಂದು ಸೀಟು. ನಾವೇ ಹೋಗಿ ಟಿಕೆಟ್ ತಗೋಬೇಕು."

"ಪುಣ್ಯವಂತ. ನಾನು ಇಷ್ಟು ವರ್ಷ ನಿಂತೇ ಸತ್ತೆ."

ಹೀಗೇ ಹೇಳಿದರೆಂದು ಪ್ರಮಾಣ ಮಾಡಲಾರೆ. ನಗುತ್ತಾ ಏನೋ ಅಂದರು, ನಾನೂ ನಕ್ಕೆ, ಬೂತಿನವನು ತಲೆಯೆತ್ತಿ ನೋಡಿದ. ಅಷ್ಟು ನಿಜ.

ಮಾರನೆಯ ಸಂಜೆ ಫೋನಿಗೆ ಅಮ್ಮ ಬಂದಳು. ಅಪ್ಪನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದರು. ಈಗಲೇ ಹೊರಡುತ್ತೇನೆ ಎಂದೆ. ಸೀಟು ಕಳೆದುಕೊಂಡು ಬಂದರೆ ನಿನ್ನ ಮುಖ ನೋಡಲ್ಲ ಅಂದಿದ್ದಾರೆ, ದಾಖಲಾತಿ ಮುಗಿಸಿ ಬಾ ಎಂದಳು. ದಾಖಲಾತಿಗೆ ಇನ್ನು ಎರಡು ದಿನವಿತ್ತು.

ದೆಹಲಿಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಮನೆ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಪ್ಪನ ಹಳ್ಳಿಯವರೊಬ್ಬರಿದ್ದರು. ಕೇಂದ್ರ ಸರ್ಕಾರದ ಯಾವುದೋ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ನಾನು ಅವರನ್ನು ಅಂಕಲ್ ಎಂದೂ ಅವರ ಹೆಂಡತಿಯನ್ನು ಆಂಟಿ ಎಂದೂ ಕರೆಯುತ್ತಿದ್ದೆ. ಫೋನು ಮಾಡಿ ವಿಷಯ ತಿಳಿಸಿದಾಗ ಅಂಕಲ್ ಕಚೇರಿಯ ಮೂಲಕ ಹೇಗೋ ಓಡಾಡಿ, ದಾಖಲಾತಿಯ ದಿನದ ಸಂಜೆಗೇ ಬೆಂಗಳೂರಿನ ರೈಲಿಗೆ ಟಿಕೆಟ್ ಮಾಡಿಸಿದರು. ಎರಡು ರಾತ್ರಿಯ ಪ್ರಯಾಣ. ಅಷ್ಟರವರೆಗೆ ಅಪ್ಪ ಇರಬೇಕು, ನಾನು ಹೋಗಿ ಒಮ್ಮೆ ನೋಡಬೇಕು. ನನಗೆ ಬೇರೆ ಯೋಚನೆಯೇ ಇರಲಿಲ್ಲ.

ದಾಖಲಾತಿಯ ಸರದಿ ಉದ್ದವಿತ್ತು. ಕೆಲಸ ಮುಗಿಸಿ ಹೊರಗೆ ಬಂದಾಗ ಮಧ್ಯಾಹ್ನ. ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಅಂಕಲ್ ನಿಂತಿದ್ದರು, ಪಕ್ಕದಲ್ಲಿ ಕಾಯುತ್ತಿದ್ದ ಆಟೋ.

"ಆಯ್ತೇನಮ್ಮಾ?"

"ಆಯ್ತು ಅಂಕಲ್. ಸೀಟು ಗಟ್ಟಿ. ಇನ್ನು ಸಂಜೆ ಟ್ರೈನ್ ಹತ್ತೋದೇ."

"ಅಚ್ಛಾ, ಒಳ್ಳೇದಾಯ್ತು. ಚಲೋ, ಮೊದ್ಲು ಮನೇಲಿ ಊಟ ಮಾಡು."

ಅಪ್ಪ ಹೇಗಿದ್ದಾರಂತೆ ಎಂದು ಆಟೋದಲ್ಲಿ ಕೇಳಿದೆ. ಬೆಳಿಗ್ಗೆ ನಿಮ್ಮ ಚಿಕ್ಕಪ್ಪ ಫೋನ್ ಮಾಡಿದ್ದರು ಎಂದಷ್ಟೇ ಹೇಳಿ, ಡ್ರೈವರಿಗೆ ದಾರಿ ತೋರಿಸತೊಡಗಿದರು. ಅವನಿಗೆ ದಾರಿ ಗೊತ್ತಿತ್ತು.

ಆಂಟಿ ಬಾಗಿಲಲ್ಲೇ ಕಾಯುತ್ತಿದ್ದರು. ಕೈಕಾಲು ತೊಳೆದು ಬರುವಷ್ಟರಲ್ಲಿ ಒಂದೇ ತಟ್ಟೆ ಹಾಕಿದ್ದರು. ಹುರುಳಿಕಾಯಿ ಪಲ್ಯ, ಬೇಳೆಸಾರು, ಬಿಸಿ ಅನ್ನ, ತುಪ್ಪ. ಊರು ಬಿಟ್ಟ ಮೇಲೆ ಕಂಡ ಮೊದಲ ಸಾರು. ನಾಚಿಕೆಯಿಲ್ಲದೆ ತಿಂದೆ. ನಿಮ್ಮ ಊಟ ಆಂಟಿ ಎಂದು ಕೇಳಿದ್ದಕ್ಕೆ ನಂದಾಯ್ತು ಎಂದರು. ಅಂಕಲ್ ಬಾಲ್ಕನಿಗೆ ಹೋಗಿ ನಿಂತರು. ನಾನು ತಿನ್ನುತ್ತಲೇ ಮನೆಯೊಡತಿಯ ಎಮ್ಮೆಯ ಕತೆ, ಮದ್ರಾಸನ್ ಕತೆ ಎಲ್ಲ ಹೇಳಿದೆ. ಆಂಟಿ ಪಕ್ಕದಲ್ಲೇ ಕೂತು, ಇನ್ನೊಂಚೂರು ಹಾಕ್ಕೋ, ಮೊಸರಿಗೂ ಅನ್ನ ಹಾಕ್ತೀನಿ, ಅನ್ನುತ್ತಾ ಬಡಿಸುತ್ತಿದ್ದರು. ಮೊಸರನ್ನವನ್ನು ನಾನೇ ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ಇಲ್ಲಿ ಪ್ರತಿ ಸಲವೂ ನಿಲ್ಲುತ್ತೇನೆ. ನಮ್ಮ ಕಡೆ ಸಾವಿನ ಸುದ್ದಿಯನ್ನು ಹಸಿದವರಿಗೆ ಹೇಳುವುದಿಲ್ಲ. ಕೇಳಿದ ಮೇಲೆ ಅವರು ತುತ್ತು ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ. ಆದ್ದರಿಂದ ಏನೂ ಆಗಿಲ್ಲವೆಂಬಂತೆ ಕರೆದು, ಹೊಟ್ಟೆ ತುಂಬ ಉಣ್ಣಿಸಿ, ಆಮೇಲೆ ಹೇಳುತ್ತಾರೆ. ಚಿಕ್ಕವಳಿದ್ದಾಗ ಇದನ್ನು ಕಣ್ಣಾರೆ ಕಂಡಿದ್ದೆ. ಎದುರು ಮನೆಯವಳ ಅಣ್ಣ ತೀರಿಕೊಂಡಾಗ ನಮ್ಮಜ್ಜಿ ಅವಳನ್ನು ಕರೆದು ಮುದ್ದೆ ಸಾರು ಬಡಿಸಿದ್ದರು. ಬಾಯಿಬಿಡಬೇಡ ಎಂದು ನನಗೆ ಕಣ್ಣಲ್ಲೇ ಹೇಳಿದ್ದರು. ಅವಳು ಉಂಡು ಮುಗಿಸುವವರೆಗೆ ಅಜ್ಜಿ ಅವಳ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು.

ಆಂಟಿಯೂ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಅದನ್ನು ನಾನು ಅತಿಥಿ ಸತ್ಕಾರ ಎಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡೆನೇ? ಒಬ್ಬಳಿಗೇ ತಟ್ಟೆ, ಕೆಲಸದ ದಿನ ಮಧ್ಯಾಹ್ನ ಮನೆಯಲ್ಲಿರುವ ಗಂಡಸು, ಉತ್ತರ ಕೊಡದ ಆಟೋ ಪ್ರಯಾಣ. ಎಲ್ಲವೂ ಕಣ್ಣೆದುರಿಗಿತ್ತು. ಗೊತ್ತಾಗಿಯೂ, ಇನ್ನು ಸ್ವಲ್ಪ ಹೊತ್ತು ಗೊತ್ತಿಲ್ಲದವಳಾಗಿರೋಣ ಎಂದು ಆ ಎರಡನೆಯ ಸಲದ ಮೊಸರನ್ನ ಕೇಳಿದೆನೋ ಏನೋ. ಕೆಲವು ವರ್ಷ ಹಾಗೆ ನಂಬಿದ್ದೆ. ಈಗ ಹಸಿವಾಗಿತ್ತು, ಅಷ್ಟೇ ಅನಿಸುತ್ತದೆ. ಎರಡರಲ್ಲಿ ಯಾವುದು ಹೆಚ್ಚು ನೋಯಿಸುತ್ತದೆ ಎಂದು ಹೇಳಲಾರೆ.

ಕೈ ತೊಳೆದು ಬಂದಾಗ ಆಂಟಿ ನನ್ನ ಒದ್ದೆ ಕೈಯನ್ನೇ ಹಿಡಿದುಕೊಂಡರು.

"ಬೆಳಿಗ್ಗೆ ಹೋಗ್ಬಿಟ್ರು ಕಣಮ್ಮಾ, ನಿಮ್ಮಪ್ಪ."

ನಾನು ಅಳಲಿಲ್ಲ. ಅಂಕಲ್ ಕಡೆಗೆ ತಿರುಗಿ, ವಿಮಾನದಲ್ಲಿ ಹೋದರೆ ನೋಡುವುದಕ್ಕೆ ಸಿಗುತ್ತಾರಾ ಎಂದು ಕೇಳಿದೆ. ಅವರು ಬಾಲ್ಕನಿಯ ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದರು. ಫೋನು ಬಂದ ಕೂಡಲೇ ಮುನಿರ್ಕಾಕ್ಕೆ ಓಡಿದ್ದರು. ಮದ್ರಾಸನ್ ಮುಂಜಾನೆಯೇ ಹೋದಳು, ಎಲ್ಲಿಗೋ ಗೊತ್ತಿಲ್ಲ ಎಂದಿದ್ದಳು ಮನೆಯೊಡತಿ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಬಂದು, ಆ ಜನರಲ್ಲಿ ನನ್ನನ್ನು ಹುಡುಕಲಾಗದೆ ಗೇಟಿನಲ್ಲೇ ನಿಂತಿದ್ದರು. ನಡುವೆ ಊರಿಗೆ ಫೋನು ಮಾಡಿ, ಒಂದು ದಿನ ಇಟ್ಟುಕೊಳ್ಳಿ, ಮಗಳು ಒಬ್ಬಳೇ, ಎಂದು ಕೇಳಿಕೊಂಡಿದ್ದರು. ಊರಿನ ಹಿರಿಯರು ಒಪ್ಪಲಿಲ್ಲ. ಅಮ್ಮನ ಸ್ಥಿತಿ ನೋಡಿ ಬೇಗ ಮುಗಿಸುವುದೇ ಸರಿ ಅಂದರು.

"ಎಷ್ಟು ಹೊತ್ತಿಗೆ ಅಂಕಲ್?"

ಅವರು ಗೋಡೆಯ ಗಡಿಯಾರ ನೋಡಿದರು.

"ಈಗಾಗ್ಲೇ ಆಗಿರತ್ತಮ್ಮಾ. ನೀನು ಊಟಕ್ಕೆ ಕೂತ ಹೊತ್ತಿಗೇ ಎತ್ತೋದು ಅಂದಿದ್ರು."

ಬಚ್ಚಲಿಗೆ ಓಡಿ ಗಂಟಲಿಗೆ ಬೆರಳು ಹಾಕಿಕೊಂಡೆ. ಏನೂ ಬರಲಿಲ್ಲ. ರಾಜ್ಮಾವನ್ನು ನಿಲ್ಲಗೊಡದಿದ್ದ ಹೊಟ್ಟೆ ಆ ಊಟವನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹಿಂದೆಯೇ ಬಂದ ಆಂಟಿ ನನ್ನ ಬೆನ್ನು ನೀವಿದರು. ಬೆರಳು ತೆಗೆಸಿದರು.

"ಬಿಡು. ನೀನು ತಿಂದಿದ್ದಲ್ಲ ಅದು, ನಾನು ತಿನ್ನಿಸಿದ್ದು. ಏನಿದ್ರೂ ನನ್ನ ಮೇಲಿರ್ಲಿ."

ಆಮೇಲೆ ಬಟ್ಟೆಯ ಸಮೇತ ನನ್ನನ್ನು ಕೂರಿಸಿ ತಲೆಯ ಮೇಲೆ ನೀರು ಹುಯ್ದರು. ದೆಹಲಿಯ ಸೆಕೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಕಾಯಿಸಿದಂತಿತ್ತು.

ಸಂಜೆ ಅದೇ ರೈಲಿಗೆ ಹತ್ತಿಸಿದರು. ಆತುರಕ್ಕೆಂದು ಮಾಡಿಸಿದ್ದ ಟಿಕೆಟ್ಟಿನಲ್ಲಿ ಆತುರವೇ ಇಲ್ಲದ ಪ್ರಯಾಣ. ಮೇಲಿನ ಬರ್ತಿನಲ್ಲಿ ಮಲಗಿ ಅಪ್ಪನ ಮುಖ ನೆನಪಿಸಿಕೊಳ್ಳಲು ನೋಡಿದೆ. ಇನ್ನು ನೋಡುವುದಕ್ಕಿಲ್ಲವಲ್ಲ, ನೆನಪಿನಲ್ಲಾದರೂ ಇರಲಿ ಎಂದು. ಯೂನಿಫಾರ್ಮಿನ ಜೇಬು ಬಂತು, ಬೆರಳುಗಳು ಬಂದವು, ಮುಖ ಬರಲಿಲ್ಲ. ಫೋಟೋದಲ್ಲಿರುವ ಮುಖ ಈಗಲೂ ಇದೆ, ಅದು ಬೇರೆ. ಆದರೆ ಆ ಮಧ್ಯಾಹ್ನದ ಸಾರಿಗೆ ಹುಣಸೆ ಒಂದಿಷ್ಟು ಮುಂದಿತ್ತು, ಇಂಗು ಹಿತವಾಗಿತ್ತು. ಇದರಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.