ದಿಬ್ಬ ಗುಡಿಸಿದವರು

ಕೇಟಾ ಊರಿನ ಕಡಲ ದಂಡೆಯಲ್ಲಿ ಜಿಗ್ಬೋಡಿಯನ್ನು ಬಾಯಿಬಡುಕಿ ಎನ್ನದವರಿಲ್ಲ. ಎನ್ನಲಿ ಬಿಡಿ. ಅವಳ ಮನೆಗೂ ಕಡಲಿಗೂ ನಡುವಿದ್ದ ಮರಳ ದಿಬ್ಬವನ್ನು ಹನ್ನೊಂದು ವರ್ಷ ಕಾದವಳು ಅವಳೊಬ್ಬಳೇ. ಗಾಳಿ ತಂದ ಮರಳು ನಿಲ್ಲಲೆಂದು ತೆಂಗಿನ ಗರಿ ನೆಟ್ಟಳು. ನಿಂತದ್ದು ಜಾರದಿರಲೆಂದು ಬಳ್ಳಿ ಹಬ್ಬಿಸಿದಳು. ಬಲೆ ಎಳೆಯುವವರು ಅಡ್ಡದಾರಿ ಹಿಡಿದು ದಿಬ್ಬ ಹತ್ತಿದರೆ, "ನಿಮ್ಮಪ್ಪನ ಎದೆ ಮೇಲೆ ಹತ್ತಿ ಹೋಗ್ರೋ, ಇದ್ರ ಮೇಲೆ ಬೇಡ!" ಎಂದು ಅಟ್ಟುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ. ಸತ್ತಾಗ ತನ್ನ ಹೆಣ ತನ್ನದೇ ಮನೆಯಲ್ಲಿ ಮಲಗಬೇಕು, ತನ್ನದೇ ಹೊಸ್ತಿಲು ದಾಟಬೇಕು.

ಕಣ್ಣಿನ ಪೊರೆ ತೆಗೆಸಲು ಗಡಿಯಾಚೆಯ ಲೋಮೆ ನಗರಕ್ಕೆ ಹೋದಳು. ಮೂರು ವಾರ. ಅಷ್ಟರಲ್ಲಿ ಅದೇ ಅಂಗಳದಲ್ಲಿದ್ದ ಮೈದುನ ಅಗ್ಬೆಕೊ ತೀರಿಕೊಂಡ. ರಾಜಧಾನಿ ಅಕ್ರಾದಿಂದ ನೆಂಟರು ಬರುವಾಗ ಅಂಗಳ ಕೊಳಕಿದ್ದರೆ ಕುಲಕ್ಕೇ ಅವಮಾನ. ಬೆಳಗೆದ್ದು ಮರಳಂಗಳ ಗುಡಿಸದೆ ಗಂಜಿ ಕುಡಿಯದ ಹೆಂಗಸರು ನಮ್ಮವರು! ಹದಿನೈದು ಮಂದಿ ಅಂಗಳ ಗುಡಿಸಿದರು. ಅದೇ ಭರದಲ್ಲಿ ದಿಬ್ಬವನ್ನೂ ಗುಡಿಸಿದರು. ಬಳ್ಳಿ ಕಿತ್ತರು, ಗರಿ ಸುಟ್ಟರು, ಶಾಮಿಯಾನಕ್ಕೆಂದು ನೆತ್ತಿ ಸಮ ಮಾಡಿದರು. ಹೊರಗಿನವರನ್ನು ಗದರಿದ ಜಿಗ್ಬೋಡಿ ಮನೆಯವರಿಗೆ ಆ ಬಳ್ಳಿ ಯಾಕೆಂದು ಬಿಡಿಸಿ ಹೇಳಿರಲೇ ಇಲ್ಲ.

ಮಣ್ಣು ಮಾಡುವ ದಿನ ಬಂದಿಳಿದ ಅವಳಿಗೆ ಮೊದಲು ಕಂಡದ್ದು ಆ ಬೋಳು ದಿಬ್ಬವೇ.

"ನೋಡತ್ತೆ, ಎಷ್ಟ್ ಚೊಕ್ಕ ಮಾಡಿದೀವಿ! ಕಸದ ತಿಪ್ಪೆ ಆಗಿತ್ತಲ್ಲ," ಎಂದಳು ಅಣ್ಣನ ಮಗಳು ಎಸಿನಾಮ್, ಬೆವರು ಒರೆಸುತ್ತ.

ಬಾಯಿಬಡುಕಿಯ ಬಾಯಿ ಕಟ್ಟಿತು. ಪ್ರೀತಿಯಿಂದ ಮಾಡಿದವರನ್ನು ಹೆಣದ ಮುಂದೆ ಬೈಯುವುದು ಹೇಗೆ? "ಚೆನ್ನಾಗಿದೆ ಕಣೇ," ಎಂದು ಕೂತು ಅತ್ತಳು. ಮೈದುನನಿಗಾಗಿ ಅಳುತ್ತಿದ್ದಾಳೆಂದು ಎಲ್ಲರೂ ಸಮಾಧಾನ ಮಾಡಿದರು.

ಮರುದಿನವೇ ಬಳ್ಳಿ ನೆಟ್ಟಳು. ಅದು ಬೇರೂರಲು ಎರಡು ಮಳೆಗಾಲ ಬೇಕು. ಕಡಲು ಕೊಟ್ಟದ್ದು ಆರೇ ವಾರ. ಆಗಸ್ಟಿನ ಒಂದು ಮಧ್ಯಾಹ್ನ ಉಬ್ಬರದ ನೀರು ದಿಬ್ಬ ದಾಟಿ, ಗೋಡೆ ತಳ್ಳಿ, ಅಡುಗೆಮನೆಯ ಪಾತ್ರೆಗಳನ್ನು ತೇಲಿಸಿತು. ಯಾರನ್ನು ದೂರೋಣ ಹೇಳಿ! ನಾಲ್ಕನೆಯ ದಿನ ಮನೆಯೇ ಇರಲಿಲ್ಲ.

ಎಸಿನಾಮ್ ಅವಳನ್ನು ಊರೊಳಗಿನ ತನ್ನ ಬಾಡಿಗೆ ಕೋಣೆಗೆ ಕರೆತಂದಳು. ಬಡಿಸಿದ್ದನ್ನು ಮುಟ್ಟದೆ ಜಿಗ್ಬೋಡಿ ಕೇಳಿದಳು, "ನಾನು ಸತ್ರೆ ಹೆಣ ಎಲ್ಲಿಡ್ತೀಯೇ?"

"ಬಿಡ್ತು ಅನ್ನಿ ಅತ್ತೆ! ಇಲ್ಲೇ, ನನ್ನ ಕೋಣೇಲೇ ಇಡ್ತೀನಿ."

"ಮನೆ ಯಜಮಾನ ಬಿಡ್ತಾನೇನೇ?"

ಎಸಿನಾಮ್ ತಟ್ಟೆಯನ್ನು ಅತ್ತೆಯ ಹತ್ತಿರಕ್ಕೆ ಸರಿಸಿದಳು. ಹೋದ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡ ಪಕ್ಕದ ಕೋಣೆಯ ಮುದುಕನ ಹೆಣವನ್ನು ಆ ಯಜಮಾನ ಗೇಟಿನೊಳಗೂ ಬಿಟ್ಟಿರಲಿಲ್ಲ.