ಅವ್ವನ ಸಂಚಿ ಮತ್ತು ಮೊಸರಾಗದ ಹಾಲು

ನಮ್ಮ ಅವ್ವ ಯಾವ ಗುಳಿಗೆಯನ್ನೂ ಪೂರ್ತಿ ನುಂಗಿ ಮುಗಿಸಿದವಳಲ್ಲ. ಜ್ವರ ಸ್ವಲ್ಪ ಇಳಿದರೆ ಸಾಕು, ಉಳಿದವು ಅವಳ ಎಲೆ-ಅಡಿಕೆಯ ಸಂಚಿ ಸೇರುತ್ತಿದ್ದವು. ಕೆರೂರಿನ ನಮ್ಮ ಓಣಿಯಲ್ಲಿ ಯಾರು ಕೆಮ್ಮಿದರೂ ಅವಳು ಆ ಸಂಚಿ ಬಿಚ್ಚುವಳು. ತೂಕಡಿಸುವ ಕೋಳಿಗೂ ಒಂದು ಚೂರು ಸಿಗುತ್ತಿತ್ತು. ಬೈದರೆ, "ಕೆಡಿಸಬಾರದು" ಎನ್ನುತ್ತಿದ್ದಳು.

ಹೋದ ವರ್ಷ ಅವಳ ಕಾಲ್ಬೆರಳಿಗೆ ಮುಳ್ಳು ಚುಚ್ಚಿ ಕೀವಾಯಿತು. ಎಂದಿನಂತೆ ಅರ್ಧ ಗುಳಿಗೆ ಹೊಟ್ಟೆಗೆ, ಅರ್ಧ ಸಂಚಿಗೆ. ಅದೇ ಹೊತ್ತಿಗೆ ಎಮ್ಮೆಯ ಕೆಚ್ಚಲು ಬಾತಿತು. ದನದ ಡಾಕ್ಟರು ಸೂಜಿ ಮಾಡಿ, "ನಾ ಹೇಳೂತನಾ ಹಾಲು ಬಳಸಬ್ಯಾಡ್ರಿ" ಎಂದು ಹೋದರು. ಹಾಲು ಚೆಲ್ಲುವುದೆಂದರೆ ಅವ್ವನಿಗೆ ಜೀವ ಹೋದಂತೆ. ಕಾಯಿಸಿ ಹೆಪ್ಪು ಹಾಕಿದಳು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಹೆಪ್ಪೇ ಸರಿಯಿಲ್ಲವೆಂದು ಪಕ್ಕದ ಮನೆಯದು ತಂದಳು, ಆಮೇಲೆ ಎದುರು ಮನೆಯದು. ಮೊಸರಾಗಲಿಲ್ಲ. ಗಡಿಗೆಗೆ ದೃಷ್ಟಿಯಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿದೆವು. ಕೆಮ್ಮಿಗೆಂದು ಮತ್ತೆ ಸಂಚಿ ಬಿಚ್ಚಿದಳು! ಕಡೆಗೆ ಹಾಲು ತಿಪ್ಪೆ ಸೇರಿತು, ಅಲ್ಲಿ ಕೋಳಿಗಳು ಕುಡಿದವು.

ಅಷ್ಟರಲ್ಲಿ ಅವ್ವನ ಬೆರಳು ಕಪ್ಪಾಯಿತು. ಬಾಗಲಕೋಟೆಯ ಡಾಕ್ಟರು ಕೀವಿನ ಪರೀಕ್ಷೆ ಮಾಡಿಸಿ ಹೇಳಿದರು:

"ಯವ್ವಾ, ಇದರಾಗ ಕಣ್ಣಿಗೆ ಕಾಣದ ಹುಳಾ ಅದಾವ. ಅರ್ಧಾ ಅರ್ಧಾ ಗುಳಗಿ ತಿಂದು ಅವಕ್ಕ ಅಂಜಿಕಿನ ಇಲ್ಲದಂಗ ಮಾಡೀರಿ."

ಅವ್ವನ ಮುಖ ಅರಳಿತು. "ನಮ್ಮನಿ ಹುಳಾ ಅಲ್ಲೇನ್ರಿ, ಯಾರಿಗೂ ಅಂಜೂದಿಲ್ಲ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಡಾಕ್ಟರು ಮಾತ್ರ ನಗಲಿಲ್ಲ. ಬೆರಳು ತೆಗೆಯಲೇಬೇಕು, ಉಳಿದಿರುವುದು ಒಂದೇ ಔಷಧಿ, ಅದೂ ನಾಟದಿದ್ದರೆ ಕಾಲೇ ಹೋಗಬಹುದು ಎಂದರು. ನಾನು ಹೇಳಿದ ಹಾಲಿನ ಕಥೆಯನ್ನೂ ಅವರೇ ಬಿಡಿಸಿದರು: ಎಮ್ಮೆಗೆ ಕೊಟ್ಟ ಔಷಧಿ ಹಾಲಿಗಿಳಿದು ಹೆಪ್ಪಿನ ಹುಳಗಳನ್ನು ಕೊಂದಿತ್ತು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಮೊಸರು ಮಾಡೂ ಬಡಪಾಯಿಗೋಳು ಸತ್ತೂ. ನನ್ನ ತಿನ್ನೂವು ಸಾಯವಲ್ವು" ಎಂದು ಅತ್ತಳು. ನನಗೂ ಭಯವಾಗಿತ್ತು.

ಬೆರಳು ಹೋಯಿತು, ಕಾಲು ಉಳಿಯಿತು. ನೋಡಲು ಬಂದ ಪಕ್ಕದ ಮನೆಯಾಕೆ ಸೆರಗಿನ ಗಂಟು ಬಿಚ್ಚಿ ಎರಡು ಗುಳಿಗೆ ಕೊಟ್ಟಳು. "ನನಗ ಕೊಟ್ಟಿದ್ದರಾಗ ಉಳದಿದ್ವು. ಭಾಳ ಚಲೋ ಅದಾವ."

ಅವ್ವ ತನ್ನ ಬ್ಯಾಂಡೇಜು ನೋಡಿಕೊಂಡಳು. "ಇನ್ನ ಇಂಥಾವು ನಾ ನುಂಗೂದಿಲ್ಲವಾ" ಎಂದಳು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಗುಳಿಗೆಗಳು ಸಂಚಿಯೊಳಗೆ ಹೋಗಿದ್ದವು.

"ಅವ್ವಾ!"

"ನನಗಲ್ಲಪಾ" ಎಂದಳು. "ಎಮ್ಮಿಗೆ."