ನೆಲ ಬಿಟ್ಟ ಗಾಲಿ

ಸಿರುಗುಪ್ಪದ ಸುಂಕಪ್ಪನ ಹತ್ತಿರ ಟ್ರ್ಯಾಕ್ಟರ್ ಟ್ರಾಲಿ ಮಾಡಿಸೋರು ಅವನನ್ನ ಬೈಕೊಂಡೇ ಶೆಡ್ಡಿಗೆ ಬರ್ತಾರೆ. ಅವನ ಟ್ರಾಲಿ ಉಳಿದವರದಕ್ಕಿಂತ ಅಗಲ. "ನಿನ್ನ ಟ್ರಾಲಿ ರೋಡಿಗೆ ಬಂದ್ರ ಎದುರಿನ ಬಸ್ಸು ಗದ್ದೆಗೆ ಇಳೀಬೇಕಲ್ಲೋ ಮಾರಾಯ" ಅಂತ ನಗ್ತಾರೆ. "ಬೇಕಿದ್ರ ಒಯ್ಯಿ, ಇಲ್ಲಾಂದ್ರ ಬಿಡು." ಅಷ್ಟೇ ಅವನ ಜವಾಬು. ಮಹಾ ಹಟಮಾರಿ.

ಹಟಕ್ಕೆ ಕಾರಣ ಇತ್ತು ಅನ್ನಿ. ಅವನ ತಂಗಿ ಹಂಪಮ್ಮ ಒಂದು ಸಂಜೆ ನಾಟಿ ಮುಗಿಸಿ ಹೆಣ್ಣಾಳುಗಳ ಜೊತೆ ಟ್ರಾಲಿಯಲ್ಲಿ ಬರ್ತಿದ್ದಳು. ಹಿಂದೆ ಬೈಕಿನಲ್ಲಿ ಸುಂಕಪ್ಪ. ಕಾಲುವೆ ತಿರುವಿನಲ್ಲಿ ಟ್ರಾಲಿಯ ಒಳಮಗ್ಗುಲ ಗಾಲಿ ನೆಲ ಬಿಟ್ಟಿತು. "ಗಾಲಿ ಎದ್ದೈತಿ! ಗಾಲಿ ಎದ್ದೈತಿ!" ಅಂತ ಹೆಂಗಸರು ಕೂಗಿದ್ದು ಅವನಿಗೆ ಕೇಳಿಸಿತು. ಎದ್ದ ಗಾಲಿ ಮತ್ತೆ ಇಳಿಯಲಿಲ್ಲ, ಟ್ರಾಲಿ ಕಾಲುವೆಗೆ ಮಗುಚಿತು. ಹಂಪಮ್ಮ ಉಳಿಯಲಿಲ್ಲ. ಆವತ್ತಿನಿಂದ ಅವನ ಟ್ರಾಲಿಗಳೆಲ್ಲ ಅಗಲ ಆದವು.

ಇಂಥವನ ಮಗಳು ಮೌನಿಕಾ ಕೈಯಲ್ಲಿ ಹಿಡಿದದ್ದೇನು ಗೊತ್ತಾ? ರೇಸಿನ ಕಾರ್ಟಿನ ಸ್ಟೇರಿಂಗು! ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದೋ ಹುಡುಗಿ, ಕಾಲೇಜುಗಳ ರೇಸಿಗೆ ಅಂತ ಗೆಳೆಯರ ಜೊತೆ ಆ ಪುಟ್ಟ ಗಾಡಿಯನ್ನ ಕಟ್ಟಿದಳು. ಪೈಪಿನ ಚಾಸಿ, ನೆಲಕ್ಕೆ ತಾಗೋ ಹಂಗೆ ಸೀಟು, ಗಿಡ್ಡ ಗಾಲಿಗಳು. ಚಾಸಿ ನೋಡ್ಕೊಳ್ಳೋನು ಸಹಪಾಠಿ ಹುಲುಗೇಶ್, ಓಡಿಸೋಳು ಇವಳು. ವೆಲ್ಡಿಂಗ್ ಮಾತ್ರ ಸುಂಕಪ್ಪನದೇ. ಮಗಳು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನೋಕಾಗುತ್ತಾ?

ಕುರುಗೋಡಿನ ಒಂದು ಅಕ್ಕಿ ಗಿರಣಿಯ ಭತ್ತ ಒಣಗಿಸೋ ಸಿಮೆಂಟ್ ಅಂಗಳದಲ್ಲಿ ಮೊದಲ ಸಲ ಓಡಿಸಿದರು. ತಿರುವುಗಳಲ್ಲಿ ಹೊಟ್ಟಿನ ಚೀಲ ಸಾಲಾಗಿ ಇಟ್ಟಿದ್ದರು. ಮೌನಿಕಾ ಜೋರಾಗಿ ಬಂದು ತಿರುಗಿಸಿದಳು, ಒಳಗಿನ ಹಿಂದಿನ ಗಾಲಿ ಚೂರು ನೆಲ ಬಿಟ್ಟಿತು. ಹುಡುಗರು ಚಪ್ಪಾಳೆ ಹೊಡೆದರು. ಸುಂಕಪ್ಪನಿಗೆ ಕಾಲುವೆ ತಿರುವು ಕಣ್ಣಿಗೆ ಕಟ್ಟಿತು.

ಯಾರಿಗೂ ಹೇಳಲಿಲ್ಲ ಪುಣ್ಯಾತ್ಮ. ಕಾರ್ಟ್ ಅವನ ಶೆಡ್ಡಿನಲ್ಲೇ ಇರ್ತಿತ್ತಲ್ಲ, ಬೋಲ್ಟು ಸಡಿಲಿಸಿ ಹಿಂದಿನ ಎರಡೂ ಗಾಲಿಗಳನ್ನ ಅವನ್ನ ಕೂಡಿಸೋ ರಾಡಿನ ತುದಿವರೆಗೂ ಹೊರಕ್ಕೆ ಎಳೆದು ಬಿಗಿದ. ಅಗಲ ಆದ ಮೇಲೆ ಗಾಲಿ ಹೆಂಗೆ ಎದ್ದೀತು? ಇನ್ನ ನನ್ನ ಕೂಸಿಗೆ ಏನೂ ಆಗಂಗಿಲ್ಲ ಅಂದುಕೊಂಡ. ಅವತ್ತು ಹೊಟ್ಟೆತುಂಬ ಉಂಡ.

ಮುಂದಿನ ಭಾನುವಾರ ಅದೇ ಅಂಗಳ. ಗಾಲಿ ಏಳಲಿಲ್ಲ, ನಿಜ. ಆದರೆ ಗಾಡಿ ತಿರುಗಲೂ ಇಲ್ಲ! ಮೌನಿಕಾ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದರೂ ಅದು ಮೊಂಡ ಎತ್ತಿನ ಹಂಗೆ ಸೀದಾ ಹೋಗಿ ಚೀಲಗಳಿಗೆ ಗುದ್ದಿತು. ಸುಂಕಪ್ಪ ಚಪ್ಪಲಿ ಬಿಟ್ಟು ಓಡಿದ. ಹುಡುಗಿಯ ತುಟಿ ಒಡೆದು ರಕ್ತ ಬರ್ತಿತ್ತು, ಮೈಯೆಲ್ಲ ಹೊಟ್ಟು.

"ನಾ ತಿರುಗಿಸಿದ್ನಿ, ಅದು ತಿರುಗಲಿಲ್ಲ" ಅಂದಳು.

"ಹೋದ ವಾರ ಚೆಂದ ತಿರುಗಿತ್ತಲ್ಲ? ಅದ ಚಾಸಿ, ಅದ ಗಾಲಿ. ನೀನ ಹೆದರಿ ಕೈ ಬಿಟ್ಟಿ" ಅಂದ ಹುಲುಗೇಶ್. "ರೇಸಿಗೆ ನಾನ ಓಡಿಸ್ತೀನಿ ಬಿಡು."

ಸುಂಕಪ್ಪ ತಡೀಲಾರದೆ ಕೇಳಿದ, "ಹೋದ ವಾರ ಗಾಲಿ ಎದ್ದಿತ್ತಲ್ಲೋ. ಎದ್ರ ಮಗುಚಂಗಿಲ್ಲೇನು?"

"ಇಲ್ಲ ಕಾಕಾ, ಇದು ನೆಲಕ್ಕ ಅಂಟಿದಂಗ ಇರ್ತೈತಿ. ನಿಮ್ಮ ಟ್ರಾಲಿಯಾಗ ಒಂದೊಂದು ಗಾಲಿ ತಂತಾನ ತಿರಗತೈತಿ. ಇದರಾಗ ಹಿಂದಿನ ಎರಡೂ ಒಂದ ರಾಡಿಗೆ ಬಿಗಿದಾವ. ತಿರುವಿನಾಗ ಹೊರಗಿಂದು ಜಾಸ್ತಿ ಓಡಬೇಕು, ಒಳಗಿಂದು ಕಮ್ಮಿ. ಒಳಗಿಂದು ಚೂರು ಎದ್ರನ ಗಾಡಿ ತಿರಗತೈತಿ. ಇಲ್ಲಾಂದ್ರ ಎರಡೂ ಸೇರಿ ಸೀದಾ ತಳ್ಳತಾವ."

ಸುಂಕಪ್ಪನಿಗೆ ಈಗ ತಿಳಿಯಿತು. ಅಯ್ಯೋ, ಕೂಸನ್ನ ಗುದ್ದಿಸಿದ್ದು ನಾನೇ! ಆದರೂ ಕಳ್ಳ ಮನಸ್ಸು ಕೇಳಬೇಕಲ್ಲ, ಸುಮ್ಮನಿದ್ದುಬಿಡು ಅಂತು. ಸುಮ್ಮನಿದ್ದರೆ ಹುಲುಗೇಶ್ ಓಡಿಸ್ತಾನೆ, ಮಗಳು ಆ ಸೀಟಿನಲ್ಲಿ ಕೂರೋದೇ ತಪ್ಪುತ್ತೆ. ಅವನಿಗೆ ಬೇಕಿದ್ದದ್ದೂ ಅದೇ ಅಲ್ಲವಾ?

ಮೌನಿಕಾ ಚೀಲದ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡ್ತಿದ್ದಳು. "ನನಗ ಬರಂಗಿಲ್ಲೇನೋ ಅಪ್ಪಾ" ಅಂದಳು.

ಸುಂಕಪ್ಪ ಅವಳ ಮುಂದೆ ಕೂತ. "ನಿನಗ ಬರ್ತೈತವ್ವಾ. ಗಾಲಿ ಹೊರಗ ಎಳೆದಾಂವ ನಾನು."

ಮೌನಿಕಾಳ ಕಣ್ಣು ಕೆಂಪಾಯಿತು. "ನನಗೊಂದು ಮಾತು ಹೇಳಬಾರದಾಗಿತ್ತೇನು? ಸಾಯ್ತಿದ್ನಲ್ಲಪ್ಪಾ!"

"ನಿಮ್ಮತ್ತಿ..." ಅಂದ.

ಮಗಳಿಗೆ ಅಷ್ಟೇ ಸಾಕಾಯಿತು. ಸಿಟ್ಟೇನೂ ಇಳಿಯಲಿಲ್ಲ, ಆದರೆ ಬೋಲ್ಟು ಬಿಚ್ಚೋ ಪಾನಾ ತಂದು ಅವನ ಕೈಗೆ ಇಟ್ಟಳು. "ನೀನ ಎಳೆದೀದಿ, ನೀನ ಒಳಗ ತಳ್ಳು."

ಹುಲುಗೇಶ್ ಅಳತೆ ಹೇಳಿದ, ಸುಂಕಪ್ಪ ಗಾಲಿ ಒಳಕ್ಕೆ ತಳ್ಳಿ ಬಿಗಿದ. ಮೌನಿಕಾ ತುಟಿ ಒರೆಸಿಕೊಂಡು ಹೆಲ್ಮೆಟ್ ಹಾಕಿಕೊಂಡಳು.

ಅದೇ ತಿರುವು. "ಎದ್ದೈತಿ! ಗಾಲಿ ಎದ್ದೈತಿ!" ಅಂತ ಹುಲುಗೇಶ್ ಕುಣಿದಾಡಿದ. ಸುಂಕಪ್ಪನ ಕಿವಿಯಲ್ಲಿ ಕಾಲುವೆ ಹೆಂಗಸರೇ ಕೂಗಿದಂಗಾಯಿತು. ಕಣ್ಣು ಮುಚ್ಚಬೇಕು ಅನಿಸಿತು, ಹಲ್ಲು ಕಚ್ಚಿ ನೋಡಿದ. ಕಾರ್ಟ್ ಸುತ್ತು ಹಾಕಿ ಬಂದು ಅವನ ಮುಂದೆಯೇ ನಿಂತಿತು.

"ಎದ್ದಿತ್ತೇನಪ್ಪಾ ಗಾಲಿ?"

"ಎದ್ದಿತ್ತವ್ವಾ" ಅಂದ ಸುಂಕಪ್ಪ. "ಎದ್ದು, ತಿರುಗಿ ಇಳೀತು."

ಅಷ್ಟು ಹೇಳಿ, ಚೆಲ್ಲಿದ ಹೊಟ್ಟಿನ ಮೇಲೆ ಕುಕ್ಕರಿಸಿ ಕೂತು, ಎಲ್ಲರ ಮುಂದೆ ಗೊಳೋ ಅಂತ ಅತ್ತುಬಿಟ್ಟ.